ಸಹಾಯ ಬೇಕು: ಪಿಯುಸಿ ಆದ ಮೇಲೆ ಬಿಇನಾ, ಐಟಿಐನಾ, ಡಿಪ್ಲೊಮಾನಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದಾನೆ. ಅಪ್ಪನಿಗೆ ಸಿಇಟಿಯಲ್ಲಿ ಬಿಇ ಸೀಟು ಹಿಡಿಸುವ ಆಸೆ. ಅಮ್ಮ ಪೊನ್ನಂಪೇಟೆ ಅರಣ್ಯ ಕಾಲೇಜು ಅಂತಾರೆ, ಮನೆಗೆ ಹತ್ತಿರ ಅಂತ ಅಷ್ಟೇ! ಇವನಿಗೆ ಮೆಷಿನ್ ಹುಚ್ಚು. ಮೊನ್ನೆ ತೋಟದ ವೀಡ್ ಕಟರ್ ಕೆಟ್ಟಾಗ ಕಾರ್ಬುರೇಟರ್ ಬಿಚ್ಚಿ, ಹಳೇ ಪೇಪರ್ ಮೇಲೆ ಸಾಲಾಗಿಟ್ಟು ತೊಳೆದು, ಸಂಜೆಗೆ ಸ್ಟಾರ್ಟ್ ಮಾಡಿಕೊಟ್ಟ. ಹಾಗಾಗಿ ಐಟಿಐಗೆ ಹೋಗ್ತೀನಿ ಅಂತ ಹಟ.

ಐಟಿಐ ಎಲೆಕ್ಟ್ರಿಷಿಯನ್ 2 ವರ್ಷ. ಆದರೆ ಪಿಯುಸಿ ಸೈನ್ಸ್ ಆದವರು ಡಿಪ್ಲೊಮಾ 2ನೇ ವರ್ಷಕ್ಕೆ ನೇರವಾಗಿ ಸೇರಬಹುದು, ಅದೂ 2 ವರ್ಷವೇ ಅಲ್ವಾ? ಮುಂದೆ ಬೇಕೆನಿಸಿದರೆ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಸಿಇಟಿ) ಬರೆದು ಬಿಇಗೂ ಹೋಗಬಹುದು. ನನಗೆ ಇದೇ ಸರಿ ಅನ್ನಿಸುತ್ತಿದೆ.

ಕುಶಾಲನಗರದ ಪಾಲಿಟೆಕ್ನಿಕ್‌ಗೆ ಹೀಗೆ ನೇರವಾಗಿ ಸೇರಿದವರು ಇದ್ದೀರಾ? ಮೊದಲ ವರ್ಷದ ಡ್ರಾಯಿಂಗ್, ವರ್ಕ್‌ಶಾಪ್ ತಪ್ಪಿದ್ದು ಕಷ್ಟ ಆಯ್ತಾ? ದಯವಿಟ್ಟು ತಿಳಿಸಿ.