‘ಎರಡೇ ಮೇಡಂ’ ಅಂದ್ರೆ ಎಷ್ಟು ಅಂತ ಬರೆಯಲಿ?

ಕಾವ್ಯ: ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ) ಓದ್ತಿದೀನಿ. ದಕ್ಷಿಣ ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದ್ರೆ ಕೂಲಿಯವರ ಸಾಲು ಮನೆಗಳಲ್ಲಿ, ಕುಡಿತ, ಮಾನಸಿಕ ಆರೋಗ್ಯದ ಬಗ್ಗೆ ಪ್ರಾಜೆಕ್ಟ್. ಬಳಸ್ತಿರೋದು ಕುಡಿತ ಎಷ್ಟು ಅಪಾಯಕಾರಿ ಅಂತ ಅಳೆಯೋ ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿ: 10 ಪ್ರಶ್ನೆ, 40 ಅಂಕ, 8 ಅಥವಾ ಮೇಲೆ ಬಂದ್ರೆ ಅಪಾಯ. ಎರಡನೇ ಪ್ರಶ್ನೆ, ಕುಡಿಯೋ ದಿನ ಎಷ್ಟು ಡ್ರಿಂಕ್ ಅಂತ. ನಿನ್ನೆ ಯರವ ಬುಡಕಟ್ಟಿನ ಒಬ್ಬ ಅಣ್ಣ ‘ಎರಡೇ ಮೇಡಂ’ ಅಂದ್ರು. ‘1 ಅಥವಾ 2’ಕ್ಕೆ ಗುರುತು ಹಾಕಿದೆ, ಸೊನ್ನೆ ಅಂಕ. ಆಮೇಲೆ ಸಹಿಗೆ ಪೆನ್ ಕೊಟ್ರೆ ಕೈ ನಡುಗಿ ಹಿಡಿಯೋಕೇ ಆಗ್ಲಿಲ್ಲ, ಹೆಬ್ಬೆಟ್ಟು ಒತ್ತಿದ್ರು. ಆ ಸೊನ್ನೆ ನೆನೆದು ರಾತ್ರಿ ನಿದ್ದೆ ಹತ್ತಲಿಲ್ಲ. ಎಲ್ಲಿ ತಪ್ಪಿದೆ?

ವಾರ್ಡ್ ಸಿಸ್ಟರ್: ಅವರು ಹೇಳಿದ್ದು ಎರಡು ಪ್ಯಾಕೆಟ್ ಕಣಮ್ಮ. ಮುಂಚೆ ಸಾರಾಯಿ ಪ್ಯಾಕೆಟ್‌ನಲ್ಲಿ ಬರ್ತಿತ್ತು, 2007ರಲ್ಲಿ ಅದು ನಿಂತರೂ ಆ ಹೆಸರು ಉಳೀತು, ಈಗ ಪ್ಯಾಕೆಟ್ ಅಂದ್ರೆ 90 ಎಂಎಲ್ ವಿಸ್ಕಿ. ಅದರಲ್ಲಿ ಸುಮಾರು 30 ಗ್ರಾಂ ಆಲ್ಕೊಹಾಲ್ ಇರುತ್ತೆ. ಆಡಿಟ್ ಲೆಕ್ಕದ ಒಂದು ಡ್ರಿಂಕ್ 10 ಗ್ರಾಂ. ಎರಡು ಪ್ಯಾಕೆಟ್ ಅಂದ್ರೆ ಆರು ಡ್ರಿಂಕ್ ಆಯ್ತು. ಖಾಲಿ ಪ್ಯಾಕೆಟ್ ಒಂದು ಜೊತೆಗಿಟ್ಟುಕೊಂಡು, ತೋರಿಸಿ ಕೇಳು.

ಇನ್ನೊಂದು ಮಾತು, ಇದೇ ಮುಖ್ಯ. ಕೈ ನಡುಗೋರಿಗೆ ‘ಇವತ್ತೇ ಬಿಟ್ಟುಬಿಡಿ’ ಅನ್ನಬೇಡ. ದಿನಾ ಕುಡಿಯೋರು ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಇಲ್ಲದವರು ಕಾಣೋಕೆ ಶುರುವಾಗಬಹುದು, ಜೀವಕ್ಕೇ ಅಪಾಯ. ಡಾಕ್ಟರ ಹತ್ತಿರ ಕರ್ಕೊಂಡು ಹೋಗು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಲೈನ್ ಮನೆ ಹುಡುಗ: ನಾನು ಹುಟ್ಟಿದ್ದೇ ಲೈನಲ್ಲಿ. ಅಕ್ಕಾ, ಬಟವಾಡೆ ದಿನ ಹೋಗಬೇಡಿ. ತೋಟದ ಕೆಲಸ ನೋಡ್ಕೊಳ್ಳೋ ರೈಟರ್ ನಿಂತಿದ್ದಾಗ ಕೇಳಲೇಬೇಡಿ, ಕೆಲಸ ಹೋಗುತ್ತೆ ಅಂತ ಯಾರೂ ನಿಜ ಹೇಳಲ್ಲ. ‘ಖಿನ್ನತೆ’ ಅಂದ್ರೆ ನಮ್ಮವರಿಗೆ ಗೊತ್ತಾಗಲ್ಲ. ತಮ್ಮ ತೀರಿಕೊಂಡ ಮೇಲೆ ಅವ್ವ ‘ಎದೆ ಮೇಲೆ ಕಲ್ಲು ಕೂತಂಗಿದೆ’ ಅಂತಿದ್ಳು. ಸಂಜೆ ಗಂಜಿ ಬೇಯೋಕಿಟ್ಟು, ಒಲೆ ಮುಂದೆ ಬೆನ್ನು ತಿರುಗಿಸಿ ಕೂತು ಒಂದು ಪ್ಯಾಕೆಟ್ ಕುಡೀತಿದ್ಳು. ಇಲ್ಲಾಂದ್ರೆ ನಿದ್ದೆ ಇಲ್ಲ. ಸರ್ವೆಗೆ ಅಂತ ಮೂರು ಸಲ ಬಂದ್ರು, ಮೂರು ಸಲವೂ ಅಪ್ಪನ್ನೇ ಕೇಳಿದ್ರು.

ಕಾವ್ಯ: ಇದನ್ನ ಓದಿ ಫಾರಂ ಎಲ್ಲ ಹರಡಿಕೊಂಡು ಕೂತೆ. 43ರಲ್ಲಿ ಹೆಂಗಸರದು ನಾಲ್ಕೇ. 19ರ ಅಂಚಲ್ಲಿ ‘ಪ್ಯಾಕೆಟ್’ ಅಂತ ಬರ್ಕೊಂಡಿದ್ದೆ, ಅವನ್ನು ತಿದ್ದಬಹುದು. ಉಳಿದವರನ್ನ ಮತ್ತೆ ಕೇಳಬೇಕು. ಭಾನುವಾರ ಮೊದಲು ಆ ಅಣ್ಣನ ಮನೆಗೇ ಹೋಗ್ತೀನಿ. ತಾಲೂಕು ಆಸ್ಪತ್ರೆಗೆ ಜೊತೇಲಿ ಹೋಗೋಣ್ವಾ ಅಂತ ಕೇಳ್ತೀನಿ. ಅವರ ಹೆಂಡತಿ ಆವತ್ತು ಬಾಗಿಲ ಹಿಂದೆ ನಿಂತೇ ಇದ್ರು, ಅವರ ಹತ್ರಾನೂ ಕೂತು ಮಾತಾಡ್ತೀನಿ.