ಕನಶಿರೊ ಅಂದರೆ ಯಾವ ಮನೆ? ಮದುವೆ ಕಾಗದ ಅಚ್ಚಿಗೆ ಹೋಗುವ ಮುಂಚೆ ತಿಳಿಯಬೇಕಿತ್ತು

ಪಳ್ಳದಮನೆ:

ಎಲ್ಲರಿಗೂ ನಮಸ್ಕಾರ. ನಾವು ನೀರ್ಚಾಲು ಕಡೆಯವರು. ನನ್ನ ಅಕ್ಕನ ಮಗಳು ಬ್ರೆಜಿಲಿನ ಸಾವೊ ಪೌಲೊದಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲೇ ಹುಟ್ಟಿ ಬೆಳೆದ ಹುಡುಗನನ್ನು ಮೆಚ್ಚಿದ್ದಾಳೆ. ಎರಡೂ ಮನೆಯವರು ಒಪ್ಪಿ ಆಗಿದೆ, ಮದುವೆ ಇಲ್ಲೇ ಊರಲ್ಲಿ. ಹುಡುಗನ ಹಿರಿಯರು ಜಪಾನಿನವರು. ಮುತ್ತಜ್ಜನ ಕಾಲದಲ್ಲಿ ಕಾಫಿ ತೋಟದ ಕೂಲಿಗೆ ಅಂತ ಹಡಗು ಹತ್ತಿದವರಂತೆ, ನಮ್ಮವರು ಆಗ ಘಟ್ಟಕ್ಕೆ ಹೋಗುತ್ತಿದ್ದ ಹಾಗೆ. ಸರ್‌ನೇಮ್ ಕನಶಿರೊ.

ನಮ್ಮ ಕಡೆ ಮದುವೆ ಕಾಗದದಲ್ಲಿ ಮನೆ ಹೆಸರು ಇಲ್ಲದೆ ಆಗುವುದಿಲ್ಲ ಅಲ್ವಾ? ಅಪ್ಪನಿಗೆ ಈಗ ಎಂಬತ್ತೆಂಟು. ಸುದ್ದಿ ಕೇಳಿದ ಕೂಡಲೇ ಅವರು ಕೇಳಿದ್ದು ಒಂದೇ ಮಾತು, "ಯಾವ ಮನೆಯವರು?" ನಮಗೆ ಉತ್ತರ ಗೊತ್ತಿಲ್ಲ. ಮಗನ ಆಫೀಸಿನಲ್ಲಿ ಟೋಕಿಯೊದವರೊಬ್ಬರು ಇದ್ದಾರೆ, ಅವರಲ್ಲಿ ಕೇಳಿಸಿದೆ. ಅಂಥ ಹೆಸರು ತಾನು ಕೇಳಿಯೇ ಇಲ್ಲ, ಜಪಾನಿ ಹೆಸರು ಹೌದೋ ಅಲ್ಲವೋ ಅಂತ ಅನುಮಾನ ಅಂದರಂತೆ. ಇದು ಹುಡುಗನ ಕಿವಿಗೂ ಬಿತ್ತು. ಪಾಪ, ಸಣ್ಣದರಿಂದ ಎಲ್ಲರೂ ಜಪಾನಿನವನು ಅಂತಲೇ ಕರೆದಿದ್ದಾರೆ, ಈಗ ಜಪಾನಿನವರೇ ನಿನ್ನ ಹೆಸರು ನಮ್ಮದಲ್ಲ ಅಂದರೆ ಹೇಗಾಗಬೇಡ. ಅವನ ದೊಡ್ಡತ್ತೆಯೊಬ್ಬರು "ನಾವು ಉಚಿನಾಂಚು" ಅಂತ ಮಾತ್ರ ಹೇಳುತ್ತಾರಂತೆ. ಅದೇನು? ಈ ಹೆಸರು ಎಲ್ಲಿಯದು? ಇಷ್ಟು ಅಪರೂಪ ಯಾಕೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉಪ್ಪಳದ ಟೀಚರ್:

ಅಕ್ಕಾ, ಮೊದಲು ಶುಭಾಶಯ.

ಜಪಾನಿನ ಸರ್‌ನೇಮುಗಳು ನಮ್ಮ ಮನೆ ಹೆಸರುಗಳ ಹಾಗೆಯೇ, ಜಾಸ್ತಿ ಎಲ್ಲ ಜಾಗದ ಗುರುತು. ತನಕ ಅಂದರೆ ಗದ್ದೆಯ ನಡು, ಯಮಮೊತೊ ಅಂದರೆ ಗುಡ್ಡದ ಬುಡ, ಇನೊಉಎ ಅಂದರೆ ಬಾವಿಯ ಮೇಲಿನವರು, ಕೊಬಯಶಿ ಅಂದರೆ ಸಣ್ಣ ಕಾಡು. ನಮ್ಮಲ್ಲಿ ಬೈಲು, ಮಜಲು, ಬೆಟ್ಟು, ಅಡ್ಕ, ಕಾನ ಅಂತ ಇಲ್ಲವಾ, ಹಾಗೆ. ಮೊದಲು ಅಲ್ಲಿ ಸಾಮಾನ್ಯ ಜನ ಸರ್‌ನೇಮ್ ಇಟ್ಟುಕೊಳ್ಳುವ ಹಾಗೆ ಇರಲಿಲ್ಲ. 1870ರಲ್ಲಿ ಸರಕಾರ ಇಟ್ಟುಕೊಳ್ಳಬಹುದು ಅಂತು, 1875ರಲ್ಲಿ ಇಟ್ಟುಕೊಳ್ಳಲೇಬೇಕು ಅಂತು. ಹಾಗಾಗಿ ಅಲ್ಲಿ ಸರ್‌ನೇಮುಗಳ ಸಂಖ್ಯೆಯೇ ಲಕ್ಷ ದಾಟುತ್ತದೆ, ಕೆಲವು ಬೆರಳೆಣಿಕೆಯ ಮನೆಗಳಲ್ಲಿ ಮಾತ್ರ ಉಳಿದಿವೆ. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರಿಗೂ ಒಂದೇ ಸರ್‌ನೇಮ್ ಇರಬೇಕು ಅಂತ ಅಲ್ಲಿ ಕಾನೂನೂ ಇದೆ, ಹೀಗೆ ಒಂದೊಂದೇ ಹೆಸರು ಅಳಿಯುತ್ತದೆ. ಹೆಣ್ಣುಮಕ್ಕಳೇ ಇರುವ ಮನೆಯವರು ಹೆಸರು ಉಳಿಯಲಿ ಅಂತ ಅಳಿಯನನ್ನೇ ದತ್ತು ತೆಗೆದುಕೊಂಡು ತಮ್ಮ ಹೆಸರು ಕೊಡುವ ಕ್ರಮವೂ ಇದೆ. ನಮ್ಮ ಅಳಿಯಕಟ್ಟಿನ ಲೆಕ್ಕ ಬೇರೆ, ಆದರೂ ಓದಿದಾಗ ನನಗೆ ಅದೇ ನೆನಪಾಯಿತು.

ಶಿರೊ ಅಂದರೆ ಬಿಳಿ. ಅಂಥ ಅಳಿಯುತ್ತಿರುವ ಹೆಸರುಗಳಲ್ಲಿ ಇದೂ ಒಂದು ಇರಬಹುದು ಅಂತ ನನ್ನ ಅಂದಾಜು.

ಹೊಸದುರ್ಗದಿಂದ:

ಟೀಚರ್ ಹೇಳಿದ್ದರಲ್ಲಿ ಜಪಾನಿನ ವಿಷಯ ಎಲ್ಲ ಸರಿ. ಆದರೆ ಈ ಹೆಸರು ಅಳಿಯುತ್ತಿಲ್ಲ, ಮತ್ತು ಇಲ್ಲಿ ಶಿರೊ ಅಂದರೆ ಬಿಳಿ ಅಲ್ಲ, ಕೋಟೆ. ಅಕ್ಕಾ, ನಿಮಗೆ ಉತ್ತರ ಆ ದೊಡ್ಡತ್ತೆಯೇ ಕೊಟ್ಟಾಗಿದೆ. ಉಚಿನಾ ಅಂದರೆ ಒಕಿನಾವ, ಉಚಿನಾಂಚು ಅಂದರೆ ಒಕಿನಾವದವರು. ನಾನು ಅಲ್ಲಿ ಒನ್ನ ಎಂಬ ಊರಿನ ವಿಜ್ಞಾನ ಸಂಸ್ಥೆಯಲ್ಲಿ ನಾಲ್ಕು ವರ್ಷ ಇದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಹುಡುಗನಿಗೂ ತಿಳಿಸಿ.

ಈ ಹೆಸರಿಗೆ ಎರಡು ಅಕ್ಷರ. ಮೊದಲನೆಯದು ಚಿನ್ನ ಅಥವಾ ಲೋಹ, ಎರಡನೆಯದು ಕೋಟೆ. ಅವರ ಅಕ್ಷರ ಹೇಳುವುದು ಅರ್ಥವನ್ನು, ಉಚ್ಚಾರವನ್ನಲ್ಲ. ಅದೇ ಎರಡು ಅಕ್ಷರವನ್ನು ಚೀನಾದಿಂದ ಬಂದ ಉಚ್ಚಾರದಲ್ಲಿ ಓದಿದರೆ ಕಿಂಜೋ. ಜಪಾನಿನ ಸ್ವಂತ ಮಾತಿನಲ್ಲಿ ಓದಿದರೆ ಕನೆಶಿರೊ ಅಥವಾ ಕನಶಿರೊ. ಒಕಿನಾವದ ಹಳೇ ಮಾತಿನಲ್ಲಿ ಕನಗುಸುಕು, ಅಲ್ಲಿ ಕೋಟೆಗೆ ಗುಸುಕು ಅಂತಾರೆ. ಸುವರ್ಣದುರ್ಗ, ಚಿನ್ನದ ಕೋಟೆ, ಪೊನ್‌ಕೋಟ್ಟ ಮೂರನ್ನೂ ಒಂದೇ ಅಕ್ಷರದಲ್ಲಿ ಬರೆದು, ಓದುವವರು ಅವರವರ ಬಾಯಿಗೆ ಬಂದ ಹಾಗೆ ಓದಿದರೆ ಹೇಗೋ ಹಾಗೆ. ನಮ್ಮ ಊರನ್ನೇ ನೋಡಿ. ಇಕ್ಕೇರಿ ನಾಯಕರು ಕಟ್ಟಿಸಿದ ಒಂದೇ ಕೋಟೆ. ನಾವು ಹೊಸದುರ್ಗ ಅನ್ನುತ್ತೇವೆ, ಪಕ್ಕದ ಮನೆಯವರು ಪುದಿಯಕೋಟ್ಟ ಅನ್ನುತ್ತಾರೆ. ಪಿಲಿಕುಂಜೆ ಪುಲಿಕುನ್ನು ಆದದ್ದೂ ಹೀಗೆಯೇ.

ಈಗ ನಿಮ್ಮ ಪ್ರಶ್ನೆ, ಟೋಕಿಯೊದವರಿಗೆ ಯಾಕೆ ಗೊತ್ತಾಗಲಿಲ್ಲ? ಒಕಿನಾವ ಮೊದಲು ಜಪಾನೇ ಅಲ್ಲ, ರ್ಯುಕ್ಯು ಅಂತ ಬೇರೆ ರಾಜ್ಯ. 1609ರಲ್ಲಿ ಜಪಾನಿನ ಸತ್ಸುಮದವರು ಅದನ್ನು ಗೆದ್ದರು. ರಾಜನನ್ನು ಹೆಸರಿಗೆ ಉಳಿಸಿದರು, ಚೀನಾದ ಜೊತೆ ವ್ಯಾಪಾರ ನಡೆಯಲಿ ಅಂತ. 1879ರಲ್ಲಿ ರಾಜನನ್ನೂ ಇಳಿಸಿ ಜಪಾನಿನ ಒಂದು ಜಿಲ್ಲೆ ಮಾಡಿದರು. ಆಮೇಲೆ ಶಾಲೆಯಲ್ಲಿ ಊರ ಭಾಷೆ ಆಡಿದ ಮಕ್ಕಳ ಕುತ್ತಿಗೆಗೆ ಮರದ ಹಲಗೆ ನೇತುಹಾಕುತ್ತಿದ್ದರು. ಇದನ್ನು ನಾನು ಮೊದಲು ಕೇಳಿದ್ದು ಒಬ್ಬ ಅಜ್ಜಿಯ ಬಾಯಿಂದ, ಆ ದಿನ ಊಟ ಸೇರಲಿಲ್ಲ. ಓಸಾಕಾದ ಕಾರ್ಖಾನೆಗಳಿಗೆ ದುಡಿಯಲು ಹೋದವರಿಗೆ ಹೆಸರು ಕೇಳಿಯೇ ಬಾಡಿಗೆ ಮನೆ ಇಲ್ಲ ಅನ್ನುತ್ತಿದ್ದರು. ಹಾಗಾಗಿ ಜನ ಹೆಸರಿನ ಅಕ್ಷರ ಹಾಗೇ ಇಟ್ಟು ಓದುವ ಕ್ರಮ ಬದಲಿಸಿಕೊಂಡರು. 1930ರ ದಶಕದಲ್ಲಿ ಇದಕ್ಕಾಗಿ ಚಳವಳಿಯೇ ನಡೆಯಿತು. ಗುಸುಕು ಎಲ್ಲ ಶಿರೊ, ಜೋ, ಗಿ, ಕಿ ಆಯಿತು. ಕನಗುಸುಕು, ಕನಶಿರೊ ಇದ್ದವರು ಕಿಂಜೋ ಆದರು.

ಆದರೆ ಹಡಗು ಹತ್ತಿದವರು ಅಷ್ಟರಲ್ಲಿ ಹೋಗಿ ಆಗಿತ್ತು. ಬ್ರೆಜಿಲಿಗೆ ಮೊದಲ ಹಡಗು ಕಸಾತೊ ಮರು, 1908ರ ಜೂನ್ 18ಕ್ಕೆ ಸಾಂತೋಸ್ ಬಂದರಿಗೆ ಮುಟ್ಟಿದ್ದು, ಅದರಲ್ಲಿ 781 ಕೂಲಿಯವರು. ಅವರಲ್ಲಿ ಒಕಿನಾವದವರೇ ಮುನ್ನೂರರ ಮೇಲಿದ್ದರು. ಪೆರುವಿಗೂ ಹವಾಯಿಗೂ ಹೀಗೇ ಹೋದರು. ಅವರು ಕೊಂಡುಹೋದ ಹಳೇ ಓದು ಅಲ್ಲೇ ಉಳಿಯಿತು. ಊರಲ್ಲಿ ಕಿಂಜೋ, ಬ್ರೆಜಿಲ್ ಮತ್ತು ಪೆರುವಿನಲ್ಲಿ ಕನಶಿರೊ, ಹವಾಯಿಯಲ್ಲಿ ಕನೆಶಿರೊ. ಊರಲ್ಲಿ ತಮಕಿ, ಹೊರಗೆ ತಮಶಿರೊ. ಊರಲ್ಲಿ ಮಿಯಗಿ, ಹೊರಗೆ ಮಿಯಶಿರೊ.

ಹಾಗಾಗಿ ಅಪರೂಪ ಇರುವುದು ಆ ಓದು ಮಾತ್ರ. ಅಕ್ಷರದ ಲೆಕ್ಕದಲ್ಲಿ ಒಕಿನಾವದಲ್ಲಿ ಅತಿ ಜಾಸ್ತಿ ಇರುವ ಮೂರು ಸರ್‌ನೇಮುಗಳು ಹಿಗ, ಕಿಂಜೋ, ಓಶಿರೊ. ಟೋಕಿಯೊದ ಆ ಸಹೋದ್ಯೋಗಿಗೆ ಎರಡು ಅಕ್ಷರ ಬರೆದು ತೋರಿಸಿ, ಕೂಡಲೇ "ಓ, ಕಿಂಜೋ ಸಾನ್" ಅಂದಾರು.

ಕುಂಬಳೆ ಕರಾಟೆ:

ಹೊಸದುರ್ಗದಣ್ಣ, ನೀವು ಮಿಯಗಿ ಅಂದದ್ದೇ ಎದ್ದು ಕೂತೆ. ನಾವು ಕಲಿಯುವ ಗೊಜು ರ್ಯು ಶುರು ಮಾಡಿದವರು ಮಿಯಗಿ ಚೋಜುನ್, ಒಕಿನಾವದ ನಹಾದವರು. ಇಪ್ಪತ್ತು ವರ್ಷದಿಂದ ಗೋಡೆಯಲ್ಲಿ ಅವರ ಪಟ ಇದೆ, ಕ್ಲಾಸಿನ ಮುಂಚೆ ತಲೆ ಬಗ್ಗಿಸುತ್ತೇವೆ. ಹೆಸರಿನ ಒಳಗೆ ಕೋಟೆ ಇದೆ ಅಂತ ಇವತ್ತು ಗೊತ್ತಾಯಿತು.

ಇನ್ನೊಂದು ಸೇರಿಸುತ್ತೇನೆ. ಶೋಟೊಕಾನ್ ಕರಾಟೆಯ ಫುನಕೊಶಿ ಗಿಚಿನ್ ಅವರ ಹೆಸರೂ ಮೊದಲು ಬೇರೆ ಮೂರು ಅಕ್ಷರದಲ್ಲಿ ಬರೆಯುತ್ತಿದ್ದದ್ದು. ಸತ್ಸುಮದವರು ಗೆದ್ದ ಮೇಲೆ ರ್ಯುಕ್ಯು ಜನರ ಹೆಸರು ಜಪಾನಿನವರ ಹೆಸರಿನ ಹಾಗೆ ಕಾಣಬಾರದು ಅಂತ ಹುಕುಂ ಮಾಡಿದ್ದರಂತೆ, ಅದಕ್ಕೇ ಅಲ್ಲಿ ಮೂರಕ್ಷರದ ಹೆಸರು ಜಾಸ್ತಿ. ಅವರು ಟೋಕಿಯೊಗೆ ಹೋಗಿ ನೆಲೆಸಿದ ಮೇಲೆ ಎರಡಕ್ಷರದ ಫುನಕೊಶಿ ಆಯಿತು. ಒಮ್ಮೆ ನಮ್ಮ ಹಾಗೆ ಕಾಣಬೇಡಿ ಅನ್ನುವುದು, ಮುನ್ನೂರು ವರ್ಷ ಬಿಟ್ಟು ನಮ್ಮ ಹಾಗೆಯೇ ಕಾಣಿ ಅನ್ನುವುದು. ಜನ ಏನು ಮಾಡಬೇಕು?

ಉಪ್ಪಳದ ಟೀಚರ್:

ಬಿಳಿ ಅಂದದ್ದು ನನ್ನ ತಪ್ಪು, ತಿದ್ದಿದ್ದಕ್ಕೆ ಥ್ಯಾಂಕ್ಸ್. ಒಂದು ಪ್ರಶ್ನೆ. ಹಾಗಾದರೆ ಕಾಗದದಲ್ಲಿ ಕಿಂಜೋ ಅಂತ ಹಾಕುವುದು ಸರಿಯಲ್ಲವಾ? ಮೂಲ ಊರಲ್ಲಿ ಈಗ ಹಾಗೇ ಹೇಳುತ್ತಾರಲ್ಲ.

ಹೊಸದುರ್ಗದಿಂದ:

ಬೇಡ ಟೀಚರ್. ಅವರ ಮನೆಯಲ್ಲಿ ನೂರು ವರ್ಷದಿಂದ ಕನಶಿರೊ ಅನ್ನುತ್ತಿದ್ದಾರೆ. ನಮ್ಮ ಬೋರ್ಡಿನಲ್ಲಿ ಮಧೂರು ಮಧುರಂ ಆಗುತ್ತದೆ, ಮಲ್ಲ ಮಲ್ಲಂ ಆಗುತ್ತದೆ ಅಂತ ಸುದ್ದಿ ಬಂದಾಗ ನಾವು ಎಷ್ಟು ನೊಂದೆವು. ಅದೇ ನಾವು ಇನ್ನೊಬ್ಬರ ಹೆಸರು ಹೇಗೆ ತಿದ್ದುವುದು?

ಅಕ್ಕನ ಅಪ್ಪನ ಪ್ರಶ್ನೆ ಇದೆಯಲ್ಲ, ಯಾವ ಮನೆಯವರು ಅಂತ, ಅದು ಬಹಳ ಸರಿಯಾದ ಪ್ರಶ್ನೆ. ಒಕಿನಾವದ ಹಳ್ಳಿಯಲ್ಲೂ ಅದನ್ನೇ ಕೇಳುತ್ತಾರೆ. ಒಂದೇ ಊರಲ್ಲಿ ಒಂದೇ ಸರ್‌ನೇಮಿನವರು ಮೂವತ್ತು ನಲವತ್ತು ಮನೆ ಇದ್ದರೆ ಗುರುತಿಗೆ ಏನಾದರೂ ಬೇಕಲ್ವಾ? ಅದಕ್ಕೆ ಅವರಲ್ಲೂ ಮನೆ ಹೆಸರು ಇದೆ, ಯಾನ್ನಾ ಅನ್ನುತ್ತಾರೆ. ಇದು ಸರ್‌ನೇಮ್ ಅಲ್ಲ, ಅಪ್ಪಟ ನಮ್ಮ ಕಡೆಯ ಮನೆ ಹೆಸರಿನ ಹಾಗೆ. ಮನೆ ಊರಿನ ಯಾವ ದಿಕ್ಕಿಗೆ, ಹಿರಿಯ ಮನೆಯೋ ಕಿರಿಯ ಮನೆಯೋ, ಮೊದಲು ಇದ್ದವರು ಯಾರು, ಇದರ ಮೇಲೆ ಬರುತ್ತದೆ.

ನನಗೆ ಮೈ ನವಿರೆದ್ದದ್ದು ದಿಕ್ಕಿನ ಹೆಸರು ಕೇಳಿದಾಗ. ಮೂಡಣಕ್ಕೆ ಅವರು ಅಗರಿ ಅನ್ನುತ್ತಾರೆ, ಅಂದರೆ ಏಳುವುದು. ಪಡುವಣಕ್ಕೆ ಇರಿ, ಅಂದರೆ ಒಳಗೆ ಹೋಗುವುದು. ನಮ್ಮದೂ ಅದೇ ತಾನೇ? ಸೂರ್ಯ ಮೂಡುವ ದಿಕ್ಕು ಮೂಡು, ಪಡುವ ದಿಕ್ಕು ಪಡು. ನಮ್ಮಲ್ಲಿ ಮೂಡುಮನೆ, ಪಡುಮನೆ ಇದ್ದ ಹಾಗೆ ಅಲ್ಲೂ ಅಗರಿ ಸೇರಿದ, ಇರಿ ಸೇರಿದ ಮನೆ ಹೆಸರು ಬೇಕಾದಷ್ಟಿವೆ. (ನಮ್ಮ ಅಗರಿ ಭಾಗವತರ ಅಗರಿಗೂ ಇದಕ್ಕೂ ಸಂಬಂಧ ಇಲ್ಲ, ಬರೀ ಕಿವಿಗೆ ಒಂದೇ ಥರ ಕೇಳುವುದು ಅಷ್ಟೇ.)

ಈಗ ಅಕ್ಕ ಮಾಡಬೇಕಾದ್ದು ಇಷ್ಟು. ಬ್ರೆಜಿಲಿನಲ್ಲಿ ಹೆಸರಿನ ಕೊನೆಗೆ ಬರುವುದು ಸಾಮಾನ್ಯವಾಗಿ ಅಪ್ಪನ ಸರ್‌ನೇಮ್, ಅದರ ಮುಂಚಿನದು ಅಮ್ಮನದು. ಪೆರುವಿನಲ್ಲಿ ಇದು ತಿರುಗಾಮುರುಗಾ. ಹುಡುಗನ ಹೆಸರಿನ ಕೊನೆಗೆ ಕನಶಿರೊ ಇದ್ದರೆ ಅಪ್ಪನ ಕಡೆಯವರಲ್ಲಿ ಕೇಳಿ. ಒಕಿನಾವದವರು ಹಿರಿಯರ ಹೆಸರು ಬರೆದ ಸಣ್ಣ ಹಲಗೆಗಳನ್ನು ಪೂಜೆಗೆ ಇಡುತ್ತಾರೆ, ಟೋಟೋಮೆ ಅಂತ, ಅದು ಹಿರಿಯ ಮಗನ ಮನೆಗೆ ಬರುವುದು. ಅದರ ಫೋಟೊ ಸಿಕ್ಕಿದರೆ ಅಕ್ಷರ ಖಾತ್ರಿಯಾಗುತ್ತದೆ. ಯಾವ ಹಳ್ಳಿ ಅಂತಲೂ ಕೇಳಿ. ಹಳ್ಳಿ ಮತ್ತು ಮನೆ ಹೆಸರು ಎರಡು ಸಿಕ್ಕಿದರೆ ಬೇರು ಸಿಕ್ಕಿದ ಹಾಗೆ. ದಾಖಲೆ ಹುಡುಕುವುದು ಸುಲಭ ಇಲ್ಲ, 1945ರ ಯುದ್ಧದಲ್ಲಿ ಒಕಿನಾವದ ದೊಡ್ಡ ದ್ವೀಪದ ಕುಟುಂಬ ದಾಖಲೆ ಪುಸ್ತಕಗಳು ಸುಟ್ಟು ಹೋದವು, ಈಗ ಇರುವುದು ಜನರ ನೆನಪಿನಿಂದ ಮತ್ತೆ ಬರೆಸಿದ್ದು. ಆದರೂ ನಹಾದ ಜಿಲ್ಲಾ ಗ್ರಂಥಾಲಯದಲ್ಲಿ ಹೊರದೇಶಕ್ಕೆ ಹೋದವರ ಮೂಲ ಹುಡುಕಿ ಕೊಡುತ್ತಾರೆ, ಅಲ್ಲಿಗೆ ಬರೆಯಬಹುದು. ಹೊರಗೆ ಹೋದವರೆಲ್ಲ ಊರಿಗೆ ಬಂದು ಸೇರುವ ಹಬ್ಬವೇ ಇದೆ, 1990ರಲ್ಲಿ ಶುರುವಾದದ್ದು. ನಹಾದ ಬೀದಿಯಲ್ಲಿ ಬ್ರೆಜಿಲಿನವರು, ಪೆರುವಿನವರು, ಹವಾಯಿಯವರು ಅವರವರ ಬಾವುಟ ಹಿಡಿದು ನಡೆಯುತ್ತಾರೆ.

ಪಳ್ಳದಮನೆ:

ನಿಮಗೆಲ್ಲ ಹೇಗೆ ಹೇಳುವುದು ಗೊತ್ತಾಗುವುದಿಲ್ಲ. ನಿನ್ನೆ ರಾತ್ರಿ ಅಕ್ಕನ ಮಗಳಿಗೆ ಎಲ್ಲ ಓದಿ ಹೇಳಿದೆ, ಅವಳು ಹುಡುಗನಿಗೆ ಪೋರ್ಚುಗೀಸಿನಲ್ಲಿ ಹೇಳಿದಳು, ಅವನು ಮಾತೇ ಆಡಲಿಲ್ಲವಂತೆ ಸ್ವಲ್ಪ ಹೊತ್ತು. ಆಮೇಲೆ ದೊಡ್ಡತ್ತೆಗೆ ಫೋನ್ ಮಾಡಿ ಯಾನ್ನಾ ಅಂತ ಒಂದು ಶಬ್ದ ಹೇಳಿದ್ದಷ್ಟೇ, ಆ ಅಜ್ಜಿ "ಇದು ನಿನಗೆ ಯಾರು ಹೇಳಿದರು?" ಅಂತ ಕೇಳಿ ಅತ್ತರಂತೆ. ಅವರ ಅಪ್ಪ ಹೇಳುತ್ತಿದ್ದದ್ದು ಅವರಿಗೆ ನೆನಪಿದೆ, ಹಳ್ಳಿಯ ಮೂಡುದಿಕ್ಕಿನ ಕೊನೆಯ ಮನೆ, ಎಲ್ಲರೂ ಅಗರಿ ಕನಗುಸುಕು ಅಂತ ಕರೆಯುತ್ತಿದ್ದದ್ದು. ಹಲಗೆಯ ಫೋಟೊ ಕಳಿಸಿದ್ದಾರೆ. ನೀವು ಹೇಳಿದ ಎರಡು ಅಕ್ಷರವೇ ಇದೆ, ಮಗ ಆಫೀಸಿನಲ್ಲಿ ತೋರಿಸಿದ.

ಅಪ್ಪನಿಗೆ ಹೇಳಿದೆ. "ಮೂಡುಮನೆಯವರು" ಅಂದರು, ತಲೆ ಆಡಿಸಿದರು. ಹತ್ತಿರದ ನೆಂಟರಿಗೆ ಆಗಲೇ ಫೋನಿನಲ್ಲಿ ಹಾಗೇ ಹೇಳಲು ಶುರು ಮಾಡಿದ್ದಾರೆ.

ಸೋಮವಾರ ಪ್ರೆಸ್ಸಿಗೆ ಕೊಡಬೇಕು. ಒಂದೇ ಒಂದು ಅನುಮಾನ ಉಳಿದಿದೆ. ಅಕ್ಕನ ಮಗಳು ಕನಶೀರೊ ಅಂತ ಎಳೆದು ಹೇಳುತ್ತಾಳೆ. ನೀವೆಲ್ಲ ಕನಶಿರೊ ಅಂತ ಬರೆದಿದ್ದೀರಿ. ಯಾವುದು ಹಾಕಲಿ?

ಹೊಸದುರ್ಗದಿಂದ:

ಜಪಾನಿನ ಓದಿನಲ್ಲಿ ಅಲ್ಲಿ ದೀರ್ಘ ಇಲ್ಲ. ಬ್ರೆಜಿಲಿನವರು ಇಂಥ ಹೆಸರಿನಲ್ಲಿ ಕೊನೆಯದಕ್ಕಿಂತ ಮುಂಚಿನ ಅಕ್ಷರಕ್ಕೆ ಒತ್ತು ಕೊಡುತ್ತಾರೆ, ಅದಕ್ಕೇ ಶೀ ಅಂತ ಕೇಳುವುದು. ಅಕ್ಕಾ, ಹುಡುಗ ತನ್ನ ಹೆಸರು ಹೇಗೆ ಹೇಳುತ್ತಾನೋ ಕೇಳಿ, ಹಾಗೆಯೇ ಹಾಕಿ. ಕೆಳಗೆ "ಅಗರಿ ಮನೆ, ಒಕಿನಾವ" ಅಂತ ಬರೆಸಲು ಮರೆಯಬೇಡಿ.

ಪಳ್ಳದಮನೆ:

ಕೇಳಿದೆ. ಶೀ ಅಂತಲೇ ಹೇಳಿದ. ಕನಶೀರೊ ಅಂತ ಕೊಟ್ಟೆ. ಕಾಗದ ಬಂದ ಕೂಡಲೇ ನಿಮ್ಮ ಮೂವರ ಮನೆಗೂ ಬರುತ್ತೇವೆ, ವಿಳಾಸ ಮೆಸೇಜಿನಲ್ಲಿ ಕಳಿಸಿ.