ಎಲ್ಡನ್ ರಿಂಗ್ ಎರಡನೇ ಸುತ್ತು: ಹೊರಡುವ ಮುಂಚೆ ಏನೇನು ಮುಗಿಸಿಕೊಳ್ಳಬೇಕು?

ಪ್ರಶ್ನೆ: ಎಲ್ಡನ್ ರಿಂಗ್ ವಿಡಿಯೋ ಗೇಮ್‌ನ ಮೊದಲ ಸುತ್ತು ಮುಗೀತು. ಕೊನೆಯ ಬಾಸ್ (ದೊಡ್ಡ ಶತ್ರು) ಎಲ್ಡನ್ ಬೀಸ್ಟ್ ಸತ್ತ ಮೇಲೆ ಜರ್ನಿ 2, ಅಂದರೆ ಎರಡನೇ ಸುತ್ತು, ಶುರು ಮಾಡಲಾ ಅಂತ ಆಟ ಕೇಳಿತು, ಸದ್ಯಕ್ಕೆ ಬೇಡ ಅಂದಿದ್ದೇನೆ. ಇಷ್ಟು ದಿನ ದೊಡ್ಡ ಕತ್ತಿ ಹಿಡಿದು ಸ್ಟ್ರೆಂತ್ ಬಿಲ್ಡ್‌ನಲ್ಲೇ (ಅಂಕಗಳನ್ನ ಬಲಕ್ಕೆ ಹಾಕಿ) ಆಡಿದ್ದು. ಎರಡನೇ ಸುತ್ತಿಗೆ ಮಂತ್ರವಾದಿ ಆಗುವ ಆಸೆ. ಜೊತೆಗೆ ಏನು ಬರುತ್ತೆ, ಏನು ಹೋಗುತ್ತೆ? ಡಿಎಲ್‌ಸಿ (ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗ) ಇನ್ನೂ ಮುಟ್ಟಿಲ್ಲ. ಆಡಿದವರು ಹೇಳಿ.

ಉತ್ತರ 1: ಬೇಡ ಅಂದಿದ್ದು ಒಳ್ಳೇದಾಯ್ತು. ಅವಸರವೇನಿಲ್ಲ, ನಮ್ಮ ನೆಲೆ ರೌಂಡ್‌ಟೇಬಲ್ ಹೋಲ್ಡ್‌ನ ಗ್ರೇಸ್ (ವಿಶ್ರಾಂತಿ ಜಾಗ) ಹತ್ತಿರ ಕೂತರೆ ಜರ್ನಿ 2 ಆಯ್ಕೆ ಯಾವಾಗ ಬೇಕಾದರೂ ಸಿಗುತ್ತೆ. ಲೆವೆಲ್, ರೂನ್ಸ್ (ಆಟದ ಹಣ), ಆಯುಧ, ಕವಚ, ತಾಲಿಸ್ಮನ್, ಮಂತ್ರ, ಸ್ಪಿರಿಟ್ ಆಶ್ (ಜೊತೆಗೆ ಹೋರಾಡಲು ಕರೆಯುವ ಆತ್ಮಗಳು), ಫ್ಲಾಸ್ಕ್ (ಮದ್ದಿನ ಬಾಟಲಿ) ಎಷ್ಟು ಬೆಳೆಸಿದ್ದೀರೋ ಅಷ್ಟು, ಕುದುರೆ ಕರೆಯುವ ಸೀಟಿ, ಎಲ್ಲ ಬರುತ್ತೆ. ಕಥೆ, ತೆರೆದಿಟ್ಟ ಗ್ರೇಸ್‌ಗಳು, ದೊಡ್ಡ ಬಾಸ್‌ಗಳಿಂದ ಗೆದ್ದ ಗ್ರೇಟ್ ರೂನ್‌ಗಳು ಹೋಗುತ್ತವೆ. ರಾಜಧಾನಿ ಲೇಂಡೆಲ್ ಒಳಗೆ ಹೋಗಬೇಕು ಅಂದರೆ ಮತ್ತೆ ಎರಡು ಗ್ರೇಟ್ ರೂನ್ ಗೆಲ್ಲಲೇಬೇಕು.

ಆದರೆ ನೀವು ನೋಡಬೇಕಾದ್ದು ವಸ್ತುಗಳ ಪಟ್ಟಿ ಅಲ್ಲ. ಯಾರ್ಯಾರು ಸ್ವಲ್ಪ ಹೊತ್ತು ಕೈಗೆ ಸಿಗಲ್ಲ ಅನ್ನೋದನ್ನ ನೋಡಿ. ಅಂಥವರು ಮೂರು ಜನ. ಮೊದಲನೆಯವಳು ರೆನ್ನಾಲಾ, ಲಿಯೂರ್ನಿಯಾ ಪ್ರಾಂತ್ಯದ ಬಾಸ್. ಬಿಲ್ಡ್ ಬದಲಿಸಲು ಅವಳೇ ಬೇಕು, ಲಾರ್ವಲ್ ಟಿಯರ್ ಅನ್ನೋ ವಸ್ತು ಒಂದು ಖರ್ಚಾಗುತ್ತೆ. ಹೊಸ ಸುತ್ತಿನಲ್ಲಿ ಅವಳನ್ನ ಮತ್ತೆ ಸೋಲಿಸುವವರೆಗೂ ಅದು ಆಗಲ್ಲ. ಅಂದರೆ ಈಗಲೇ ಬದಲಿಸದೆ ಹೊರಟರೆ ಮಂತ್ರವಾದಿ ಆಗಬೇಕಾದವರು ಅರ್ಧ ಲಿಯೂರ್ನಿಯಾ ಅದೇ ಹಳೇ ಕತ್ತಿ ಬೀಸಿಕೊಂಡು ಹೋಗಬೇಕು. ಎರಡನೆಯವನು ಹ್ಯೂಗ್, ರೌಂಡ್‌ಟೇಬಲ್‌ನಲ್ಲಿ ಆಯುಧ ಬಲಪಡಿಸುವ ಕಮ್ಮಾರ. ಚರ್ಚ್ ಆಫ್ ಎಲ್ಲೇಯಲ್ಲಿರುವ ಅಡಿಗಲ್ಲು ಬರೀ +3ರ ತನಕ, ಅದಕ್ಕಿಂತ ಮೇಲೆ ಏರಿಸಬೇಕು ಅಂದರೆ ಮತ್ತೆ ರೌಂಡ್‌ಟೇಬಲ್ ತಲುಪಬೇಕು. ಮೂರನೆಯವಳು ಎನಿಯಾ, ರಿಮೆಂಬ್ರೆನ್ಸ್ (ದೊಡ್ಡ ಬಾಸ್ ಸತ್ತಾಗ ಸಿಗುವ ವಸ್ತು) ತಗೊಂಡು ಆಯುಧ ಕೊಡೋ ಅಜ್ಜಿ. ಒಂದು ಗ್ರೇಟ್ ರೂನ್ ಗೆಲ್ಲುವ ತನಕ ಅವಳ ಕೋಣೆ ಬಾಗಿಲು ತೆಗೆಯಲ್ಲ. ಈ ಮೂರೂ ಕಡೆ ಕೆಲಸ ಮುಗಿಸಿ ಹೊರಡಿ, ಉಳಿದದ್ದು ನಿಧಾನಕ್ಕೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಮಾತು. "ಎಲ್ಲ ಗುಹೆ, ಎಲ್ಲ ಕ್ಯಾಟಕೂಂಬ್ (ನೆಲದಡಿಯ ಸಮಾಧಿ) ಮುಗಿಸಿ ಆಮೇಲೆ ಹೊರಡು" ಅಂತ ಹೇಳುವವರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಸುಮ್ನೆ ಬೇಜಾರಾಗಿ ಆಟವನ್ನೇ ಬಿಟ್ಟುಬಿಡುತ್ತೀರಿ. ಬಿಟ್ಟಿದ್ದೆಲ್ಲ ಮುಂದಿನ ಸುತ್ತಿನಲ್ಲಿ ಅದೇ ಜಾಗದಲ್ಲಿ ಇರುತ್ತೆ ಅಲ್ವಾ? ಇದೇ ಕಂಪನಿಯ ಹಳೇ ಆಟ ಡಾರ್ಕ್ ಸೋಲ್ಸ್ 3ರಲ್ಲಿ +1, +2 ಉಂಗುರಗಳು ಮುಂದಿನ ಸುತ್ತುಗಳಲ್ಲಿ ಮಾತ್ರ ಸಿಗುತ್ತಿದ್ದವು. ಇಲ್ಲಿ ಹಾಗಿಲ್ಲ, +1, +2 ತಾಲಿಸ್ಮನ್ ಮೊದಲ ಸುತ್ತಿನಲ್ಲೇ ಇವೆ.

ಕೆಲವಂತೂ ಈಗ ಬೇಕು ಅಂದರೂ ಸಿಗಲ್ಲ. ಬೋಲ್ಟ್ ಆಫ್ ಗ್ರಾನ್ಸಾಕ್ಸ್ ಅನ್ನೋ ಆಯುಧ ತಗೊಂಡಿದ್ದೀರಾ? ಲೇಂಡೆಲ್ ಊರ ಮೇಲೆ ಕಲ್ಲಾಗಿ ಬಿದ್ದಿರುವ ದೊಡ್ಡ ಡ್ರ್ಯಾಗನ್ ಇದೆಯಲ್ಲ, ಅದರ ಈಟಿಯ ಮೇಲೆ ನಡೆದುಕೊಂಡು ಹೋಗಿ ಎತ್ತಿಕೊಳ್ಳಬೇಕು. ಕಥೆಯಲ್ಲಿ ಊರು ಬೂದಿಯಾದ ಮೇಲೆ ಅದು ಇಲ್ಲ. ವೋಲ್ಕನೋ ಮ್ಯಾನರ್‌ನವರು ಕೊಡುವ ಕೊಲೆ ಕೆಲಸಗಳೂ ಹಾಗೇ, ಅಲ್ಲಿನ ಒಡೆಯ ರೈಕಾರ್ಡ್‌ನನ್ನ ಮುಗಿಸಿದ ಮೇಲೆ ಅಲ್ಲಿ ಯಾರೂ ಇರಲ್ಲ. ಇಂಥವನ್ನ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಎರಡನೇ ಸುತ್ತಿಗೆ ಅಷ್ಟೇ ಸಾಕು.

ಉತ್ತರ 3: ಮಂತ್ರವಾದಿ ಅಂದಿರಲ್ಲ, ರೆನ್ನಾಲಾಳ ರಿಮೆಂಬ್ರೆನ್ಸ್ ಇನ್ನೂ ಚೀಲದಲ್ಲಿದೆಯಾ ನೋಡಿ. ಸ್ಟ್ರೆಂತ್‌ನವರು ಅದನ್ನ ಸಾಮಾನ್ಯವಾಗಿ ಮುಟ್ಟಿರಲ್ಲ. ಅದರಿಂದ ಎರಡರಲ್ಲಿ ಒಂದು ಸಿಗುತ್ತೆ: ಕೇರಿಯನ್ ರೀಗಲ್ ಸೆಪ್ಟರ್ ಅನ್ನೋ ಕೋಲು, ಇಲ್ಲಾ ರೆನ್ನಾಲಾಸ್ ಫುಲ್ ಮೂನ್ ಮಂತ್ರ. ಎರಡೂ ಬೇಕಾದರೆ ನಡೆದಾಡುವ ಮಾಸೋಲಿಯಂ (ಸಮಾಧಿ ಕಟ್ಟಡ) ಒಂದನ್ನ ಹಿಡಿದು ನಿಲ್ಲಿಸಿ, ಒಳಗೆ ಇನ್ನೊಂದು ಪ್ರತಿ ಮಾಡಿಸಿಕೊಳ್ಳಿ. ಒಂದು ಮಾಸೋಲಿಯಂಗೆ ಒಂದೇ ಸಲ. ಆ ಕೋಲಿಗೆ ಇಂಟೆಲಿಜೆನ್ಸ್ 60 ಬೇಕು, ಬಿಲ್ಡ್ ಬದಲಿಸುವಾಗ ಅದನ್ನ ನೆನಪಿಟ್ಟುಕೊಂಡೇ ಅಂಕ ಹಂಚಿ. ಆಮೇಲೆ ಹ್ಯೂಗ್ ಹತ್ತಿರ +10 ಮಾಡಿಸಿ.

ಒಟ್ಟಿಗೆ ಹೆಚ್ಚು ಮಂತ್ರ ಇಟ್ಟುಕೊಳ್ಳಲು ಬೇಕಾದ ಮೆಮೊರಿ ಸ್ಟೋನ್ ಎಷ್ಟಿದೆ? ರೌಂಡ್‌ಟೇಬಲ್‌ನ ಅಂಗಡಿಯವರಾದ ಟ್ವಿನ್ ಮೇಡನ್ ಹತ್ತಿರ 3,000 ರೂನ್ಸ್‌ಗೆ ಒಂದು ಸಿಗುತ್ತೆ, ನಿಮ್ಮ ಲೆವೆಲ್‌ಗೆ ಅದು ಚಿಲ್ಲರೆ ಕಾಸು. ಸೆಲ್ಲೆನ್ ಮಾರುವ ಮಂತ್ರಗಳಿಗೆ ಮಾತ್ರ ಅವಸರ ಬೇಡ, ಹೊಸ ಸುತ್ತಿನಲ್ಲಿ ಅವಳು ಶುರುವಿನ ಪ್ರಾಂತ್ಯ ಲಿಮ್‌ಗ್ರೇವ್‌ನಲ್ಲೇ ಬೇಗ ಸಿಗುತ್ತಾಳೆ. ಮತ್ತೆ ನಿಮ್ಮ ಫ್ಲಾಸ್ಕ್ ಎಲ್ಲ ಕೆಂಪಗೇ (ಜೀವ ತುಂಬುವಂಥದ್ದು) ಇರುತ್ತೆ, ಬರೆದುಕೊಡುತ್ತೇನೆ. ಗ್ರೇಸ್‌ನಲ್ಲಿ ಕೂತು ಅರ್ಧದಷ್ಟನ್ನ ಮಂತ್ರಶಕ್ತಿ ತುಂಬುವ ನೀಲಿಗೆ ಬದಲಿಸಿ.

ಪ್ರಶ್ನೆ ಕೇಳಿದವರು: ರಿಮೆಂಬ್ರೆನ್ಸ್ ಇದೆ! ಫ್ಲಾಸ್ಕ್ ವಿಷಯವೂ ನಿಜ, ಎಲ್ಲ ಕೆಂಪೇ. ಟ್ರೋಫಿಗೆ ಎಲ್ಲ ಅಂತ್ಯಗಳನ್ನೂ ನೋಡಬೇಕಾ?

ಉತ್ತರ 4: ಬೇಡ. ಅಂತ್ಯಗಳು ಆರಿವೆ, ಟ್ರೋಫಿ ಲೆಕ್ಕಕ್ಕೆ ಮೂರೇ. ಎಲ್ಡನ್ ಲಾರ್ಡ್, ರಾನಿ ಅನ್ನೋ ಪಾತ್ರದ ಏಜ್ ಆಫ್ ದಿ ಸ್ಟಾರ್ಸ್, ಮತ್ತೆ ಫ್ರೆಂಜೀಡ್ ಫ್ಲೇಮ್. ಫಿಯಾ, ಗೋಲ್ಡ್‌ಮಾಸ್ಕ್, ಡಂಗ್ ಈಟರ್ ಇವರ ಕಡೆಯಿಂದ ಬರುವ ಅಂತ್ಯಗಳು ಎಲ್ಡನ್ ಲಾರ್ಡ್ ಟ್ರೋಫಿಯೊಳಗೇ ಸೇರುತ್ತವೆ. ಹಾಗಾಗಿ ಎರಡನೇ ಸುತ್ತಿನಲ್ಲಿ ರಾನಿಯ ಕೆಲಸ ಹಿಡಿಯಿರಿ. ಫ್ರೆಂಜೀಡ್ ಫ್ಲೇಮ್‌ಗಾಗಿ ಮೂರು ಬೆರಳಿನ (ಥ್ರೀ ಫಿಂಗರ್ಸ್) ಹತ್ತಿರ ಹೋಗಿ ಬೆಂಕಿ ಅಂಟಿಸಿಕೊಂಡರೆ ಬೇರೆ ಅಂತ್ಯಗಳೆಲ್ಲ ಮುಚ್ಚಿಹೋಗುತ್ತವೆ, ಅದನ್ನ ಬಿಡಿಸಿಕೊಳ್ಳಲು ಮಿಲಿಸೆಂಟ್ ಕಥೆ ಪೂರ್ತಿ ಮುಗಿಸಿ ಸೂಜಿ ತರಬೇಕು. ಅದನ್ನ ಮೂರನೇ ಸುತ್ತಿಗೆ ಇಟ್ಟುಕೊಳ್ಳಿ.

ಉತ್ತರ 5: ಯಾರೂ ಡಿಎಲ್‌ಸಿ ಬಗ್ಗೆ ಹೇಳಲಿಲ್ಲ. ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಕೊಳ್ಳುವ ಮನಸ್ಸಿದ್ದರೆ ಇದೇ ಸುತ್ತಿನಲ್ಲಿ ಆಡಿ ಮುಗಿಸಿ. ಒಳಗೆ ಬಿಡಬೇಕಾದರೆ ರಡಾನ್, ಮೋಗ್ ಅನ್ನೋ ಬಾಸ್‌ಗಳು ಇಬ್ಬರೂ ಸತ್ತಿರಬೇಕು. ಈಗ ಆ ಕೆಲಸ ಆಗಿದ್ದರೆ ಬಾಗಿಲು ತೆರೆದೇ ಇದೆ, ಹೊಸ ಸುತ್ತಿಗೆ ಹೋದರೆ ಇಬ್ಬರನ್ನೂ ಮತ್ತೆ ಕೊಲ್ಲಬೇಕು. ಅದೂ ಅಲ್ಲದೆ ಅಲ್ಲಿನ ಬಾಸ್‌ಗಳು ಮೊದಲೇ ಕಷ್ಟ, ಜರ್ನಿ ಏರಿದ ಹಾಗೆ ಹೊಡೆತ ಇನ್ನೂ ಜಾಸ್ತಿ. ಅಲ್ಲಿ ಸಿಗುವ ಸ್ಕಾಡುಟ್ರೀ ಬ್ಲೆಸಿಂಗ್ (ಹೊಡೆತ, ರಕ್ಷಣೆ ಹೆಚ್ಚಿಸುವ ಶಕ್ತಿ) 20ರ ತನಕ ಏರುತ್ತೆ, ಏರಿಸಿದ್ದು ಮುಂದಿನ ಸುತ್ತಿಗೂ ಜೊತೆಗೆ ಬರುತ್ತೆ. ಆದರೆ ಅದು ಆ ನಾಡಿನೊಳಗೆ ಮಾತ್ರ ಕೆಲಸ ಮಾಡೋದು.

ಪ್ರಶ್ನೆ ಕೇಳಿದವರು: ರಡಾನ್ ಆಗಿದೆ, ಮೋಗ್ ಬಾಕಿ. ಹಾಗಾದರೆ ಮೊದಲು ಬಿಲ್ಡ್ ಬದಲಿಸಿ, ಹೊಸ ಕೋಲನ್ನ ಮೋಗ್ ಮೇಲೇ ಪರೀಕ್ಷೆ ಮಾಡುತ್ತೇನೆ. ಎರಡನೇ ಸುತ್ತಿನ ಶುರುವಿನಲ್ಲಿ ಏನಾದರೂ ವಿಶೇಷ ಇದೆಯಾ?

ಉತ್ತರ 2: ಮೊದಲ ಚಾಪೆಲ್‌ನಲ್ಲಿ ಎಲ್ಲರನ್ನೂ ಬಡಿದು ಹಾಕುವ ಆ ಹಲವು ಕೈಗಳ ಗ್ರಾಫ್ಟೆಡ್ ಸೈಯನ್ ಮತ್ತೆ ಎದುರಾಗುತ್ತೆ. ಈ ಸಲ ಓಡಿಹೋಗಬೇಡಿ, ನಿಂತು ಕೊಲ್ಲಿ. ಆರ್ನಮೆಂಟಲ್ ಸ್ಟ್ರೈಟ್ ಸ್ವೋರ್ಡ್, ಗೋಲ್ಡನ್ ಬೀಸ್ಟ್ ಕ್ರೆಸ್ಟ್ ಶೀಲ್ಡ್ ಎರಡೂ ಬೀಳುತ್ತೆ. ಮಂತ್ರವಾದಿಗೆ ಅವುಗಳಿಂದ ಏನೂ ಉಪಯೋಗ ಇಲ್ಲ ಬಿಡಿ, ಹಳೇ ಸೇಡು ತೀರುತ್ತೆ.